ಸುಣ್ಣದ ಮೇಲೆ ಕಾಯಿಸಿದ ನೀರು

ಬೆಂಕಿಯಿಲ್ಲದೆ ನೀರು ಕಾಯಿಸುವುದು ನನಗೆ ಎಡಗೈ ಕೆಲಸ ಎಂದು ಆ ಬೆಳಗಿನವರೆಗೂ ನಂಬಿದ್ದೆ. ಸಾರವಾಡದಿಂದ ಕಾಲೇಜು ಮೆಟ್ಟಿಲು ಹತ್ತಿದ ರಸಾಯನಶಾಸ್ತ್ರದ ವಿದ್ಯಾರ್ಥಿ ನಾನು. ಬೇರೆಯವರು ಹೊಸ ಹೆಂಡತಿಗೆ ಮಲ್ಲಿಗೆ ತರುತ್ತಾರೆ. ನಾನು ಗಂಗವ್ವನಿಗೆ ಕಾವು ಬೇರೆ, ತಾಪಮಾನ ಬೇರೆ ಎಂದು ಪಾಠ ಮಾಡಿದ್ದೆ.

"ಕಿಡಿ ಕೈ ಸುಡತೈತಿ, ಖರೆ. ಆದ್ರ ಒಂದು ಕಿಡಿಯಿಂದ ಹಂಡೆ ನೀರು ಕಾಯಂಗಿಲ್ಲ. ಅದರಾಗ ಅಷ್ಟು ಕಾವು ಇರಂಗಿಲ್ಲ."

ಆಕೆ ಆಕಳಿಸುತ್ತಾ ಕೇಳಿದ್ದಳು.

ಮೊದಲ ದೀಪಾವಳಿಗೆ ಜೋರಾಪುರ ಪೇಟೆಯ ಮಾವನ ಮನೆಗೆ ಹೋದೆವು. ಎಣ್ಣೆಸ್ನಾನ ಮುಗಿಸಿ ಬಂದ ಅಳಿಯನಿಗೆ ಮಾವನವರು ಕೈಗಡಿಯಾರ ಕೊಡಲಿದ್ದಾರೆ ಎಂಬ ಸುದ್ದಿ ಗಂಗವ್ವನ ಬಾಯಿಂದ ಮೊದಲೇ ಸೋರಿತ್ತು. ನಾನು ದಾರಿಯುದ್ದಕ್ಕೂ ನನ್ನ ಎಡ ಮಣಿಕಟ್ಟನ್ನೇ ನೋಡುತ್ತಾ ಬಂದಿದ್ದೆ.

ಹೊಸ ಅಳಿಯನ ಸ್ನಾನವಾಗದೆ ಆ ಮನೆಯಲ್ಲಿ ಮತ್ತಾರೂ ಮೈಗೆ ನೀರು ಹಾಕಿಕೊಳ್ಳುವಂತಿಲ್ಲ. ಹಾಗಾಗಿ ಇಡೀ ಮನೆ ಎಣ್ಣೆ ಹಚ್ಚಿಕೊಂಡು ಪಡಸಾಲೆಯಲ್ಲಿ ಮಿರಮಿರ ಮಿಂಚುತ್ತಾ ಕೂತಿತ್ತು. ಯುದ್ಧದ ದಿನಗಳು, ಕಟ್ಟಿಗೆ ಸಿಗುವುದೇ ಕಷ್ಟ. ಅತ್ತೆ ಅಳಿಯನ ಎದುರು ಮಾತಾಡುವವರಲ್ಲ. ಬಾಗಿಲ ಮರೆಯಿಂದ ಗೋಡೆಗೆ ಹೇಳಿದರು, "ಕಟ್ಟಿಗಿ ಸಾಲಂಗಿಲ್ಲ ಕಾಣತೈತಿ."

"ಕಟ್ಟಿಗಿ ಯಾಕ ಬೇಕ್ರಿ ಮಾವನೋರ?" ಎಂದು ಎದ್ದೆ. "ಮಾಳಗಿ ಗ್ವಾಡಿಗೆ ಬಳಿಯಾಕ ತಂದ ಸುಟ್ಟ ಸುಣ್ಣದ ಕಲ್ಲು ಐತೆಲ್ಲ. ನೀರು ಬಿದ್ರ ಸಾಕು, ತನ್ನಷ್ಟಕ್ಕ ತಾನ ಕುದಿತೈತಿ."

"ನೀವು ಕಲ್ತವ್ರು. ಮಾಡ್ರಿ," ಎಂದರು ಮಾವ.

ದೊಡ್ಡ ಮಣ್ಣಿನ ಬಾನಿಗೆ ಸುಣ್ಣದ ಕಲ್ಲು ತುಂಬಿದೆ. ಅದರ ಮೇಲೆ ನೀರಿನ ಹಂಡೆ ಕೂರಿಸಿದೆ. ಸುಣ್ಣಕ್ಕೆ ಒಂದು ತಂಬಿಗೆ ನೀರು ಸುರಿದು, ಎಣ್ಣೆಮೈಯಲ್ಲಿ ಕೈಕಟ್ಟಿ ನಿಂತೆ. ಸುಣ್ಣ ಬುಸುಗುಟ್ಟಿತು. ಹಬೆ ಎದ್ದಿತು. ಪಡಸಾಲೆ ತಲೆದೂಗಿತು. ವಿಜ್ಞಾನಕ್ಕೆ ಜಯವಾಯಿತು.

ಗಂಗವ್ವ ಹಂಡೆಯಲ್ಲಿ ಬೆರಳು ಅದ್ದಿದಳು. "ತಣ್ಣಗ ಐತ್ರಿ."

"ತಡಿ ಬೇ."

"ಸುಣ್ಣ ಸುಡಾಕತ್ತೈತಿ, ನೀರು ಕಾದಿಲ್ಲ. ಕಿಡಿ, ಹಂಡೆ ಅಂತ ನೀವ ಹೇಳಿದ್ರೆಲ್ಲ?"

ನನ್ನ ಪಾಠ ಇಷ್ಟು ಚೆನ್ನಾಗಿ ನೆನಪಿಟ್ಟ ಶಿಷ್ಯೆಯ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿ ಇನ್ನೊಂದು ಕೊಡ ನೀರು ಸುಣ್ಣಕ್ಕೆ ಸುರಿದೆ.

ನೀರು ಕುಡಿದ ಸುಣ್ಣ ಅರಳಿ ಉಬ್ಬುತ್ತದೆ. ಇದು ನನಗೆ ಗೊತ್ತಿತ್ತು. ಬಾನಿಗೆ ಗೊತ್ತಿರಲಿಲ್ಲ. ಅದು ಟಪ್ಪೆಂದು ಸೀಳಿತು, ಹಂಡೆ ಮಗುಚಿತು, ಸುಣ್ಣದ ನೀರು ಎದ್ದು ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಪ್ಪಿಕೊಂಡಿತು. ಬಾವಿಕಟ್ಟೆಗೆ ಓಡಿ ಕೊಡಗಟ್ಟಲೆ ತಣ್ಣೀರು ಸುರಿದುಕೊಂಡೆ. ಉರಿ ಆರಿತು. ಸುಣ್ಣ ಹೋಗಲಿಲ್ಲ. ಎಣ್ಣೆಯೂ ಸುಣ್ಣವೂ ಸೇರಿದರೆ ನೀರಿಗೆ ಜಗ್ಗದ ಅಂಟಾಗುತ್ತದಂತೆ. ಕಾಲೇಜಿನಲ್ಲಿ ಆ ಪಾಠ ಮುಂದಿನ ವರ್ಷಕ್ಕಿತ್ತು.

ಮಾವನವರು ನನ್ನ ಸುತ್ತ ಒಂದು ಸುತ್ತು ಬಂದರು. "ಗ್ವಾಡಿಗೆ ಎರಡು ಕೈ ಹೊಡೆದ್ರೂ ಇಷ್ಟು ಬೆಳ್ಳಗ ಆಗಿರಲಿಲ್ಲ, ನೋಡ್ರಿ."

ಬಾಗಿಲ ಮರೆಯಿಂದ ಅತ್ತೆ ಗೋಡೆಗೆ ಹೇಳಿದರು, "ಮುಟ್ಟಬ್ಯಾಡ್ರಿ, ಇನ್ನೂ ಹಸಿ ಐತಿ."

ಕೊನೆಗೆ ಹಳೇ ಹೊರಸಿನ ಮಂಚ ಮುರಿದು ಒಲೆ ಹೊತ್ತಿಸಿ, ಸೀಗೆಪುಡಿ ಹಾಕಿ ತೆಂಗಿನ ನಾರಿನಿಂದ ನನ್ನನ್ನು ಉಜ್ಜಿದರು. ಎಣ್ಣೆ ಮೆತ್ತಿದ ಬಂಧುಬಳಗ ಮಧ್ಯಾಹ್ನದವರೆಗೂ ಹಸಿದು ಕಾಯಿತು. ಆಮೇಲೆ ಮಾವನವರು ಉಡುಗೊರೆ ತರಿಸಿದರು. ನಾನು ಎಡಗೈ ಮುಂದೆ ಚಾಚಿದೆ. ಅದರ ಮೇಲೆ ಒಂದು ಹೊರೆ ಕಟ್ಟಿಗೆ ಬಂದು ಕೂತಿತು.

"ಊರಾಗ ಉಪಯೋಗಕ್ಕ ಬರತೈತಿ," ಎಂದರು.

ಈಗಲೂ ಗಂಟೆ ಎಷ್ಟಾಯಿತೆಂದು ಪಕ್ಕದವರನ್ನು ಕೇಳುತ್ತೇನೆ. ನೀರು ಕಾದಿದೆಯೇ ಎಂದು ಗಂಗವ್ವನನ್ನು.