ಡಬ್ಬಿಯೊಳಗಿನ ನಿದ್ದೆ

ಆ ಪರದೆಯ ಮೇಲೆ ನಾಳೆಯಿಂದ ಒಂದೇ ಒಂದು ಗೆರೆ ಕಂಡರೂ ನನ್ನನ್ನು ಬೇರೆ ಹೆಸರಿನಿಂದ ಕರೆಯಿರಿ ಎಂದು ಗೆರೆ ಸಾಹೇಬರು ಊಟದ ಮೇಜು ತಟ್ಟಿ ಸಾರಿದರು.

ಗೆರೆ ಸಾಹೇಬ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಾರ್ಖಾನೆಯವರು ಕೊಟ್ಟದ್ದು. ಟಿ.ವಿ. ಪರದೆಗಳನ್ನು ತಪಾಸಣೆ ಮಾಡುವುದರಲ್ಲೇ ಅವರ ಬದುಕು ಸವೆದಿತ್ತು. ಪರದೆಯ ಮೇಲೆ ಒಂದು ಚಿತ್ರ ಮೂಡಿಸುವುದು, ರೆಪ್ಪೆ ಬಡಿಯದೆ ನೋಡುವುದು. ಗೆರೆ ಬಂದರೆ, ಚಿತ್ರ ನಡುಗಿದರೆ ನಪಾಸು, ಅಲುಗಾಡದಿದ್ದರೆ ಪಾಸು. ನಿವೃತ್ತಿಯಾದ ಮೇಲೆ ಅಂಥ ಕಣ್ಣನ್ನು ಮನೆಯಲ್ಲಿ ಕೇಳುವವರಿರಲಿಲ್ಲ.

ಈಗ ಕೆಲಸ ತಾನಾಗಿ ಹುಡುಕಿಕೊಂಡು ಬಂದಿತ್ತು. ಮೊಮ್ಮಗಳು ಪುಟ್ಟಿ ಮಲಗುವುದು ಮಹಡಿಯ ಮೇಲೆ. ಅಲ್ಲೊಂದು ವೈರ್‌ಲೆಸ್ ಕ್ಯಾಮೆರಾ, ಕೆಳಗೆ ಅಡುಗೆಮನೆಯಲ್ಲಿ ಅಂಗೈಯಗಲದ ಪರದೆ. ಮಿಕ್ಸಿ ತಿರುಗಿದರೆ ಪುಟ್ಟಿಯ ಮುಖದ ತುಂಬ ಗೆರೆ. ಬೀದಿಯಲ್ಲಿ ಬೈಕು ಹೋದರೆ ಗೊರಗೊರ ಸದ್ದು. ಸೊಸೆ ನೈಲಾನ್ ಬಟ್ಟೆ ಉಟ್ಟು ಬಂದು ಮುಟ್ಟಿದಳೋ, ಚಟ್ಟೆಂದು ಕಿಡಿ ಹಾರಿ ಪರದೆಯೇ ಕಪ್ಪು.

"ಇದನ್ನ ನಂಬ್ಕೊಂಡು ಕೆಲಸಕ್ಕೆ ಹೇಗೆ ಹೋಗ್ಲಿ ಮಾವ?" ಎಂದಳು ಸೊಸೆ. ಔಷಧಿ ಅಂಗಡಿಯಲ್ಲಿ ಅವಳ ರಜೆ ಮುಗಿದಿತ್ತು. "ನಾಳಿದ್ದು ಹೋಗ್ಲಿಲ್ಲ ಅಂದ್ರೆ ಬೇರೆಯವರನ್ನ ತಗೋತಾರಂತೆ. ಅತ್ತೆಗೆ ಮೆಟ್ಟಿಲು ಹತ್ತೋಕಾಗಲ್ಲ."

"ಅದನ್ನ ಯಾಕಮ್ಮ ನಂಬ್ತೀಯ, ನನ್ನ ನಂಬು."

"ಹೊಸದೊಂದು ತಂದ್ರಾಯ್ತಪ್ಪ," ಎಂದರು ಹೆಂಡತಿ, ಮಂಡಿ ನೀವಿಕೊಳ್ಳುತ್ತ.

"ಹೊಸದು ತರೋಕೆ ಬುದ್ಧಿ ಬೇಕಾಗಿಲ್ಲ ಕಣೇ. ಇರೋದಕ್ಕೆ ಕವಚ ತೊಡಿಸ್ತೀನಿ ನೋಡ್ತಿರು."

"ತೊಡಿಸಿ. ನನ್ನ ಪಾತ್ರೆ ಪಡಗ ಮಾತ್ರ ಮುಟ್ಟಬೇಡಿ."

ಮಾರನೆಯ ಬೆಳಿಗ್ಗೆ ಸೊಸೆ ಅತ್ತೆಯನ್ನು ಮಂಡಿ ಡಾಕ್ಟರ ಬಳಿ ಬಿಟ್ಟು, ಅಂಗಡಿಗೆ ಹೋಗಿ ಮಾತಾಡಿ ಬರಲು ಹೊರಟಳು. ಪುಟ್ಟಿ ಮೇಲೆ ಮಲಗಿದ್ದಳು. "ಒಂದು ಕಣ್ಣಿಟ್ಟಿರಿ ಮಾವ," ಎಂದಳು. ಎರಡನ್ನೂ ಇಡುವುದಾಗಿ ಮಾವ ಮಾತು ಕೊಟ್ಟರು.

ಗೇಟು ಮುಚ್ಚಿದ ಸದ್ದಾಗುವುದೇ ತಡ, ಪಾತ್ರೆ ಪಡಗಕ್ಕೆ ಕೈ ಹಾಕಿದರು. ಬಿಸ್ಕತ್ತಿನ ತಗಡಿನ ಡಬ್ಬಿ ಬರಿದಾಯಿತು, ಪರದೆ ಅದರೊಳಗೆ ಕೂತಿತು. ಸುತ್ತ ಅಲ್ಯೂಮಿನಿಯಂ ಹಾಳೆ. ಮುಂದೆ ನೋಡಲು ಕಿಂಡಿ ಬೇಕಲ್ಲ? ಹಿಟ್ಟಿನ ಜರಡಿಯ ಲೋಹದ ಬಲೆ ಕತ್ತರಿಸಿ ಬಿಗಿದರು. ಅರ್ಥಿಂಗ್ ಆಗಲೆಂದು ಡಬ್ಬಿಯಿಂದ ನಲ್ಲಿಗೊಂದು ತಂತಿ. ಕಿಡಿ ಹಾರದಿರಲೆಂದು, ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆಯೇ ತಮ್ಮ ಮಣಿಕಟ್ಟಿಗೂ ಪಟ್ಟಿ ಕಟ್ಟಿ, ಅದರ ತಂತಿಯನ್ನು ಡಬ್ಬಿಗೆ ಸೇರಿಸಿದರು. ಸಾಹೇಬರು, ಡಬ್ಬಿ, ನಲ್ಲಿ, ಮೂವರೂ ಈಗ ಒಂದೇ ಸಂಸಾರ.

ಬಲೆಯ ಕೊನೆಯ ಮೂಲೆ ಬಿಗಿಯುತ್ತಿದ್ದಂತೆ ಗೆರೆಗಳು ಮಾಯವಾದವು. ಗೊರಗೊರ ನಿಂತಿತು. ಪುಟ್ಟಿ ಬಾಯಲ್ಲಿ ಹೆಬ್ಬೆರಳಿಟ್ಟು ಹಾಯಾಗಿ ಮಲಗಿದ್ದಳು. ಸಾಹೇಬರು ಪರೀಕ್ಷೆಗೆಂದು ಖಾಲಿ ಮಿಕ್ಸಿ ಓಡಿಸಿದರು. ಚಿತ್ರ ಕದಲಲಿಲ್ಲ. ಹಿಗ್ಗು ತಡೆಯದೆ ಮತ್ತೆ ಓಡಿಸಿದರು, ಮತ್ತೂ ಓಡಿಸಿದರು. ಕೋಟೆ ಗೆದ್ದ ದೊರೆಗೂ ಅಷ್ಟು ಬೀಗುವ ಧೈರ್ಯ ಬರುತ್ತಿರಲಿಲ್ಲ. ಕೈಗೆ ತಂತಿಯಿದ್ದುದರಿಂದ ಎದ್ದು ಹೋಗುವ ಹಾಗಿರಲಿಲ್ಲ. ಇಷ್ಟು ಚೆನ್ನಾಗಿ ಕಾಣುವಾಗ ಹೋಗಿ ನೋಡುವುದಾದರೂ ಏನನ್ನು?

ಮಿಕ್ಸಿ ನಿಲ್ಲಿಸಿದಾಗ ಬೆನ್ನ ಹಿಂದೆ ಸೊಸೆಯ ದನಿ ಕೇಳಿಸಿತು.

"ಮಾವ, ಪುಟ್ಟಿ ಏನ್ಮಾಡ್ತಿದಾಳೆ?"

"ಬಂದ್ಯಾಮ್ಮ? ಗಡದ್ದು ನಿದ್ದೆ," ಎಂದರು ಸಾಹೇಬರು, ಪರದೆಯಿಂದ ಕಣ್ಣು ಕೀಳದೆ.

"ಎದ್ದಿರಲೇ ಇಲ್ವಾ?"

"ಏಳೋದಿರಲಿ, ನೀನು ಹೋದಾಗಿಂದ ಅಲುಗಾಡಿಲ್ಲ. ಬಾಯಿಂದ ಬೆರಳು ಕೂಡ ತೆಗ್ದಿಲ್ಲ. ಎಂಥಾ ಚಿತ್ರ ನೋಡು!"

ಹಿಂದಿನಿಂದ ಯಾರೋ ಬಿಕ್ಕಿದರು. ಮಂಡಿ ನೋವಿಗೆ ಹೆಂಡತಿ ಅಳುತ್ತಿರಬೇಕೆಂದು ಸಾಹೇಬರು ತಿರುಗಿದರು. ಹೆಂಡತಿ ಬಾಗಿಲಿಗೊರಗಿ ನಿಂತಿದ್ದರು, ಬಿಕ್ಕಿದ್ದು ಅವರಲ್ಲ. ಸೊಸೆಯ ಕಂಕುಳಲ್ಲಿ ಪುಟ್ಟಿ. ಕೆಂಡದಂಥ ಕಣ್ಣು, ಸುರಿಯುವ ಮೂಗು, ಕೆನ್ನೆಯ ತುಂಬ ತಾನೇ ಬಳಿದುಕೊಂಡ ಅಮ್ಮನ ಕ್ರೀಮು. ಪರದೆಯತ್ತ ನೋಡಿದರು. ಅಲ್ಲೂ ಪುಟ್ಟಿ, ಸುಖನಿದ್ದೆಯಲ್ಲಿ. ಎರಡರಲ್ಲಿ ಯಾವುದನ್ನು ನಪಾಸು ಮಾಡಬೇಕೆಂದು ಒಂದು ಗಳಿಗೆ ಅವರಿಗೆ ತಿಳಿಯಲಿಲ್ಲ.

ಪುಟ್ಟಿ ಬಿಕ್ಕುತ್ತಲೇ ಡಬ್ಬಿಯತ್ತ ಬೆರಳು ತೋರಿಸಿ "ಪಾಪ ಜೋಜೋ" ಎಂದಳು.

ಆಗ ಸಾಹೇಬರಿಗೆ ಹೊಳೆಯಿತು. ಡಬ್ಬಿ ಗೆರೆಗಳನ್ನು ಹೊರಗಿಟ್ಟಿತ್ತು, ಅವುಗಳ ಜೊತೆಗೆ ಕ್ಯಾಮೆರಾ ಕಳಿಸುವ ಚಿತ್ರವನ್ನೂ ಹೊರಗಿಟ್ಟಿತ್ತು. ಕೊನೆಗೆ ಒಳಬಂದ ಚಿತ್ರವೇ ಪರದೆಯ ಮೇಲೆ ನಿಂತುಬಿಟ್ಟಿತ್ತು. ಅದನ್ನೇ ಅವರು ಬೆಳಗಿನಿಂದ ಕಾವಲು ಕಾದಿದ್ದರು. ಮಗುವನ್ನು ಎತ್ತಿಕೊಳ್ಳಲು ಧಡಕ್ಕನೆ ಎದ್ದರು. ಮಣಿಕಟ್ಟಿನ ತಂತಿ ಎಳೆದು ಡಬ್ಬಿ ನೆಲಕ್ಕೆ ಬಿತ್ತು, ಮುಚ್ಚಳ ಹಾರಿತು. ಪರದೆಗೆ ಜೀವ ಬಂದು ಖಾಲಿ ಹಾಸಿಗೆ ಕಾಣಿಸಿತು, ಮೈತುಂಬ ಗೆರೆಗಳೊಂದಿಗೆ.

"ಅಳು ಗೇಟಿನ ತನಕ ಕೇಳಿಸ್ತಿತ್ತು ಮಾವ," ಎಂದಳು ಸೊಸೆ ಮೆಲ್ಲಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಬೈಯಲಿಲ್ಲ. ಫೋನು ತೆಗೆದುಕೊಂಡು ಅಂಗಡಿಯ ನಂಬರು ಹುಡುಕತೊಡಗಿದಳು. ಸಾಹೇಬರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆ ಮಗು ಮುಚ್ಚಿದ ಬಾಗಿಲ ಹಿಂದೆ ತಾತ ಬರಲೆಂದು ಎಷ್ಟು ಹೊತ್ತು ಕೂಗಿತ್ತೋ. ತಾತ ಇಲ್ಲಿ ಖಾಲಿ ಮಿಕ್ಸಿ ತಿರುಗಿಸುತ್ತಿದ್ದ.

"ಕೆಲಸ ಬಿಡಬೇಡಮ್ಮ," ಎಂದರು. "ತಪ್ಪು ನಂದು. ನಾಳೆಯಿಂದ ಮೇಲೇ ಇರ್ತೀನಿ, ಪುಟ್ಟಿ ಪಕ್ಕದಲ್ಲೇ. ಪರದೆಯ ಸಹವಾಸವೇ ಬೇಡ."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ತೂತು ಬಿದ್ದ ಜರಡಿಯನ್ನು ಎತ್ತಿ ಬೆಳಕಿಗೆ ಹಿಡಿದಿದ್ದರು.

"ನೀನು ಧೈರ್ಯವಾಗಿ ಹೋಗು," ಎಂದರು. "ಪರದೆ ನನ್ನ ಹತ್ರ ಇರಲಿ."

"ನಾನೇ ಪಕ್ಕದಲ್ಲಿರ್ತೀನಲ್ಲೇ, ಪುಟ್ಟಿನ ನೋಡೋಕೆ ಪರದೆ ಯಾಕೆ?"

"ಪುಟ್ಟಿನ ನೋಡೋಕೆ ಅಂತ ಯಾರು ಹೇಳಿದ್ರು?"

ಹೇಳಿದ ದಿನ ಸೊಸೆ ಕೆಲಸಕ್ಕೆ ಹೋದಳು, ಹೋಗುವ ಮುನ್ನ ಕ್ಯಾಮೆರಾವನ್ನು ಮಾವ ಕೂರುವ ಕಡೆಗೆ ತಿರುಗಿಸಿಟ್ಟು ಹೋದಳು. ಮಹಡಿಯ ಕೋಣೆಯಲ್ಲಿ ಪುಟ್ಟಿ ಮಲಗಿದ್ದಳು, ಪಕ್ಕದಲ್ಲಿ ಗೆರೆ ಸಾಹೇಬರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕೆಳಗಿನಿಂದ ಹೆಂಡತಿಯ ದನಿ ಮೆಟ್ಟಿಲೇರಿ ಬಂತು.

"ರೀ, ಸ್ವಲ್ಪ ಅಲುಗಾಡಿ."

ಸಾಹೇಬರು ಒಂದು ಕೈ ಎತ್ತಿದರು.

"ಗೆರೆ ಬರ್ತಿದೆ, ಸರಿಯಾಗಿ ಕಾಣ್ತಿಲ್ಲ. ಇನ್ನೊಂದ್ಸಲ."

ಅವರು ಎರಡೂ ಕೈ ಎತ್ತಿದರು.