ವಿಯೆನ್ನಾದಲ್ಲಿ ಮಿರ್ಚಿ ಅಂಗಡಿ

ಕೆಲವರು ಹುಟ್ಟುವಾಗಲೇ ಚಿಂತೆಯನ್ನು ಜೊತೆಗೆ ತಂದಿರುತ್ತಾರೆ, ನಾನು ಅಂಥವನು. ಬಿಂಕದಕಟ್ಟಿಯ ಮೃಗಾಲಯದಲ್ಲಿ ಎಲ್ಲರೂ ಹುಲಿ ನೋಡಿದರೆ, ನಾನು ಪಂಜರದ ಚಿಲಕ ನೋಡುತ್ತೇನೆ. ಇಂಥ ನನಗೆ ಯುರೋಪು ನೋಡುವ ಯೋಗ ಬಂದದ್ದು ಪಂಪುಗಳ ದೆಸೆಯಿಂದ. ಗದಗಿನಲ್ಲಿ ನನ್ನದೊಂದು ನೀರಿನ ಪಂಪಿನ ಅಂಗಡಿ. ಮುಂಡರಗಿ ಕಡೆಯ ರೈತರು ಆ ವರ್ಷ ಒಳ್ಳೇ ಖರೀದಿ ಮಾಡಿದರು. ಕಂಪನಿಯವರು ಖುಷಿಯಾಗಿ ನಮ್ಮಂಥ ಅಂಗಡಿಕಾರರನ್ನು ಹೆಂಡಂದಿರ ಸಮೇತ ವಿಯೆನ್ನಾಕ್ಕೆ ಅಟ್ಟಿದರು.

ಅಲ್ಲಿಯ ಜೇಬುಗಳ್ಳರು ಸೂಟು ಹಾಕಿಕೊಂಡಿರುತ್ತಾರೆ ಎಂದು ಯಾರೋ ಹೇಳಿದ್ದರು. ಹೀಗಾಗಿ ಇಬ್ಬರ ಪಾಸ್‌ಪೋರ್ಟು, ದುಡ್ಡು, ಕಡೆಗೆ ಹೆಂಡತಿ ಗಿರಿಜಾಳ ಮೊಬೈಲನ್ನೂ ಕಸಿದು, ಒಂದು ಚೀಲಕ್ಕೆ ತುಂಬಿ ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ತುಂಬು ಬಸುರಿ.

“ಇನ್ನ ನನ್ನೂ ಅದರಾಗ ಹಾಕ್ಕೊಂಡ್ಬಿಡ್ರಿ,” ಎಂದಳು ಗಿರಿಜಾ. ಹಾಕಿಕೊಳ್ಳಬೇಕಿತ್ತು.

ಗ್ರಾಬೆನ್ ಎಂಬುದು ವಿಯೆನ್ನಾದ ಹೆಸರಾಂತ ಬೀದಿ. ನಡುವೆ ಬಂಗಾರದ ತುದಿಯ ದೊಡ್ಡ ಕಂಬ, ಎರಡೂ ಬದಿ ಅರಮನೆಯಂಥ ಕಟ್ಟಡಗಳು, ಕನ್ನಡಿಯಂಥ ನೆಲ. ವಾಹನಗಳೇ ಇಲ್ಲ. ಎಮ್ಮೆ, ಆಟೋಗಳ ನಡುವೆ ನುಸುಳಿ ಕಲಿತ ನನ್ನ ಕಾಲುಗಳಿಗೆ, ಹಿಂದಿನಿಂದ ಯಾರೂ ಹಾರ್ನ್ ಹೊಡೆಯದೆ, ಎತ್ತ ಸರಿಯಬೇಕೆಂದೇ ತಿಳಿಯಲೊಲ್ಲದು.

ನಮ್ಮ ಕಡೆ ಗಂಡಹೆಂಡತಿ ಬಜಾರಿಗೆ ಹೋದರೆ ಗಂಡ ನಾಲ್ಕು ಹೆಜ್ಜೆ ಮುಂದೆ. ಮಾತಾಡುತ್ತಾನೆ, ಹಿಂದೆ ತಿರುಗುವುದಿಲ್ಲ. ನಾನೂ ಹಾಗೆಯೇ ಹೊರಟೆ. “ನೋಡಿಲ್ಲೆ, ಇದಕ್ಕ ಬಣ್ಣ ಹಚ್ಚಾಕ ಎಷ್ಟ ರೊಕ್ಕ ಹಿಡದಿರಬೇಕು? ಮ್ಯಾಲಿನ ಟಾಕಿಗೆ ನೀರು ಏರಸಾಕ ನಮ್ಮ ಪಂಪ್ ಆದ್ರ ಸಾಕಾಗ್ತಿತ್ತು,” ಎಂದು ವಿವರಿಸುತ್ತ ಅರ್ಧ ಬೀದಿ ದಾಟಿದೆ. ಹಿಂದಿನಿಂದ ಒಂದು ಕೊಂಕು ಮಾತೂ ಬರಲಿಲ್ಲ. ಗಿರಿಜಾ ನನ್ನ ಮಾತು ಒಪ್ಪುವುದೆಂದರೇನು? ಅನುಮಾನ ಬಂದು ತಿರುಗಿದೆ. ಬಿಳಿಗೂದಲಿನ ಒಬ್ಬ ಅಜ್ಜಿ, ಅವರ ತೋಳಿನಲ್ಲಿ ಪುಟ್ಟ ನಾಯಿ. ಎರಡೂ ಜೀವಗಳು ಬಹಳ ಗೌರವದಿಂದ ನನ್ನ ಮಾತು ಕೇಳುತ್ತಿದ್ದವು. ಗಿರಿಜಾ ಇಲ್ಲ!

ತಕ್ಷಣ ಅವಳ ನಂಬರಿಗೆ ಫೋನು ಹಚ್ಚಿದೆ. ನನ್ನ ಹೊಟ್ಟೆ ರಿಂಗಾಯಿತು. ಅಜ್ಜಿ ನಾಯಿಯನ್ನು ಅವಚಿಕೊಂಡು ದೂರ ಸರಿದರು.

ಊರ ಭಾಷೆ ಬಾರದ ಹೆಂಗಸು ಏನಾದಳೋ! ಬೆಟಗೇರಿಯ ಮಾವನವರ ಮುಂದೆ ನಿಂತು, “ಪಾಸ್‌ಪೋರ್ಟ್ ಭದ್ರ ಅದಾವ್ರಿ, ಮಗಳಷ್ಟ ಇಲ್ಲ,” ಎನ್ನುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಬಂದ ದಾರಿಯಲ್ಲೇ ಓಡಿದೆ, ಅಂಗಡಿ ಅಂಗಡಿ ಇಣುಕಿದೆ. ಕಂಬದ ಬುಡದಲ್ಲಿ ಏದುಸಿರು ಬಿಡುತ್ತ ಕುಳಿತಾಗ ನಮ್ಮ ಮನೆಯ ಕರಾರು ನೆನಪಾಯಿತು. ಮದುವೆಯಾದ ಹೊಸತರಲ್ಲಿ ಆದದ್ದು: ಬಜಾರಿನಲ್ಲಿ ಯಾರೇ ತಪ್ಪಿಸಿಕೊಂಡರೂ ಮಿರ್ಚಿ ಭಜಿ ಅಂಗಡಿ ಮುಂದೆ ಬಂದು ನಿಲ್ಲಬೇಕು. ಆದರೆ ಇಂಥ ಘನಂದಾರಿ ಬೀದಿಯಲ್ಲಿ ಮಿರ್ಚಿ ಎಲ್ಲಿಂದ ಬರಬೇಕು? ಆದರೂ ಮೂಗು ಎತ್ತಿದೆ. ಅತ್ತರಿನ ಘಮದ ನಡುವೆ, ಎಲ್ಲಿಂದಲೋ, ಕಾದ ಎಣ್ಣೆಯ ವಾಸನೆ!

ಮೂಗು ಹೇಳಿದತ್ತ ನಡೆದೆ. ಬೀದಿಯ ಕೊನೆಗೆ ಪುಟ್ಟ ಗೂಡಂಗಡಿ. ಒಬ್ಬಾತ ಬಟಾಟಿ ತುರಿಯ ಬಿಲ್ಲೆಗಳನ್ನು ಎಣ್ಣೆಗೆ ಬಿಡುತ್ತಿದ್ದ. ಎದುರಿಗೆ ಇಳಕಲ್ ಸೀರೆಯ ಮೇಲೆ ನನ್ನ ಸ್ವೆಟರು ತೊಟ್ಟ ಗಿರಿಜಾ, ಕೈಯಲ್ಲಿ ಪೊಟ್ಟಣ.

“ಇಷ್ಟೊತ್ತು ಬೇಕೇನ್ರಿ? ಎರಡ ತಣ್ಣಗಾಗಿ ಹ್ವಾದ್ವು,” ಎಂದಳು.

“ಅಲ್ಲಾ, ಕಳದಾಕಿ ನೀನು...”

“ನಾ ಎಲ್ಲಿ ಕಳದೀನಿ? ಅಂಗಡಿ ಮುಂದ ನಿಂತೀನಿ. ಕಳದಾವ್ರು ನೀವು.”

“ರೊಕ್ಕ?”

“ಹೊರಡೂ ಮುಂದ ನಮ್ಮ ಮಗಳು ಕೊಟ್ಟಿದ್ದು ಪರ್ಸಿನ್ಯಾಗ ಇತ್ತು. ಎಲ್ಲಾ ನಿಮ್ಮ ಹೊಟ್ಟಿಗೇ ಕಟ್ಟಿರತೈತೇನು? ತಿನ್ರಿ, ಉಳದಿದ್ದು ಬಿಸಿ ಐತಿ. ಪಾಪ, ಖಾರ ಹಾಕೂದು ಗೊತ್ತಿಲ್ಲ ಇವಂಗ,” ಎನ್ನುತ್ತ ಅದೇ ಪರ್ಸಿನಿಂದ ಶೇಂಗಾ ಚಟ್ನಿಪುಡಿ ತೆಗೆದಳು.

ವಾಪಸು ಹೋಗುವಾಗ ಗ್ರಾಬೆನ್ ಬೀದಿಯಲ್ಲಿ ಪಕ್ಕಪಕ್ಕದಲ್ಲೇ ನಡೆದೆವು. ಮದುವೆಯಾದ ಮೇಲೆ ಇದೇ ಮೊದಲು. ಅವಳಿಗೆ ನಾಚಿಕೆ, ನನಗೆ, ಗದಗಿನವರು ಯಾರಾದರೂ ನೋಡಿಯಾರೆಂಬ ಚಿಂತೆ.

ಊರಿಗೆ ಬಂದ ಮೇಲೆ ಡಾಕ್ಟರು ನನ್ನ ಪಿತ್ತ ನೋಡಿ ಕರಿದದ್ದು ಪೂರ್ತಿ ಬೇಡ ಎಂದರು. ಗಿರಿಜಾ ಕಡಾಯಿಯನ್ನೇ ಅಟ್ಟಕ್ಕೆ ಹಾಕಿದ್ದಾಳೆ. ಆದರೆ ಕರಾರು ಮಾತ್ರ ಇನ್ನೂ ಜಾರಿಯಲ್ಲಿದೆ. ಹೀಗಾಗಿ ಬಜಾರಿಗೆ ಹೋದಾಗಲೆಲ್ಲ ನಾನು ತಪ್ಪದೆ ಕಳೆದುಹೋಗುತ್ತೇನೆ. ಈಗಿರುವ ಚಿಂತೆ ಒಂದೇ: ಎರಡನೇ ಪ್ಲೇಟು ಮುಗಿಯುವ ಮೊದಲೇ ಅವಳು ನನ್ನನ್ನು ಹುಡುಕಿಬಿಟ್ಟರೆ?