ಕಡ ತಂದ ಕಫ

ಆ ಕಾಲದ ಜನ ಒಮ್ಮೆ ಕೆಮ್ಮಿದರೆ ಮೂರು ಬೀದಿಯಾಚೆ ಗೋಡೆಯ ಸುಣ್ಣ ಉದುರುತ್ತಿತ್ತು. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಂಡೆ. ಉದುರಿದ್ದು ಪಕ್ಕದ ಮನೆಯ ಸುಣ್ಣ ಮಾತ್ರ, ಅದೂ ಮೊದಲೇ ಸಡಿಲಾಗಿತ್ತು. ಆದರೆ ಗಡಿಯಾರ ರಿಪೇರಿಯವನು ತನ್ನ ಕೆಮ್ಮು ವಾಸಿಯಾಯಿತಲ್ಲ ಎಂದು ಗೋಳಾಡಿದನಲ್ಲ, ಅದರಲ್ಲಿ ಒಂದು ಸಾಸಿವೆಯಷ್ಟೂ ಸುಳ್ಳಿಲ್ಲ.

ಅವನು ಮನೆ ಅಳಿಯ. ಹೆಂಡತಿಯ ತವರಿನಲ್ಲೇ ಊಟ, ನಿದ್ದೆ, ಕೆಲಸ. ಆ ಮನೆಯ ನಡುಮನೆಯಲ್ಲಿ ಗುಡುಗಿದರೂ ಕೇಳಿಸುತ್ತಿರಲಿಲ್ಲ. ಅತ್ತೆಯ ಬಾಯಿ ಒಂದು ಕಡೆ, ಮಕ್ಕಳ ಕಿತ್ತಾಟ ಇನ್ನೊಂದು ಕಡೆ, ಎರಡರ ಮೇಲೂ ಒಗ್ಗರಣೆ ಹಾಕಿದಂತೆ ಭಾಮೈದನ ತುತ್ತೂರಿ. ಭಾಮೈದ ಬ್ಯಾಂಡ್ ಸೆಟ್ಟಿನವನು. ಊದುವುದಕ್ಕಿಂತ ಬೀಡಿ ಸೇದುವುದು ಹೆಚ್ಚು, ಸೇದುವುದಕ್ಕಿಂತ ಕೆಮ್ಮುವುದು ಹೆಚ್ಚು. ಇಂಥ ಸಂತೆಯಲ್ಲಿ ಕೈಗಡಿಯಾರದ ಟಿಕ್ ಟಿಕ್ ಕೇಳಿಸಿಕೊಳ್ಳುವುದು ಹೇಗೆ? ಪಾಪ, ಗಡಿಯಾರವನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತರೆ, ಅಳಿಯ ಕೂತಲ್ಲೇ ನಿದ್ದೆ ಹೊಡೆಯುತ್ತಿದ್ದಾನೆ ಎಂದು ಅತ್ತೆ ಸಾರುತ್ತಿದ್ದಳು. ಗಂಡ ಹೆಂಡತಿ ಒಂದು ಮಾತು ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ನಾಲ್ಕು ಜನ ನಡುವೆ ಹಾದುಹೋಗಿರುತ್ತಿದ್ದರು.

ಹೀಗಿರುವಾಗ ಅವನಿಗೆ ಕ್ಷಯ ಹಿಡಿಯಿತು.

ಮನೆಯವರು ಅವನನ್ನು ಮಹಡಿ ಕೋಣೆಗೆ ಹತ್ತಿಸಿದರು. ಅತ್ತೆ ಅವನ ತಟ್ಟೆ ಬೇರೆ ಮಾಡಿದಳು, ಲೋಟ ಬೇರೆ ಮಾಡಿದಳು, ಅವನ ಹೆಸರು ಹೇಳುವಾಗ ಸೆರಗನ್ನು ಮೂಗಿಗೆ ಹಿಡಿದಳು. ಎದುರು ಮನೆಯ ರಿಟೈರಾದ ಪೋಸ್ಟ್ ಮಾಸ್ತರರಂತೂ ಆ ಮಹಡಿಯ ನೆರಳು ಬೀಳುವ ಕಡೆ ನಡೆಯುವುದನ್ನೇ ಬಿಟ್ಟರು. ಮೊದಮೊದಲು ಅವನು ತನ್ನ ಕತೆ ಮುಗಿಯಿತೆಂದು ಗೋಡೆಗೆ ಮುಖ ಮಾಡಿ ಅತ್ತ. ಆದರೆ ಆಸ್ಪತ್ರೆಯ ನರ್ಸಮ್ಮ ಬಿಡುವವಳಲ್ಲ. ದಿನಾ ಬೆಳಿಗ್ಗೆ ಸೈಕಲ್ಲು ಒರಗಿಸಿ, ಮೆಟ್ಟಿಲು ಹತ್ತಿ, ಮಾತ್ರೆಗಳನ್ನು ತನ್ನೆದುರೇ ನುಂಗಿಸಿ, ನಾಲಿಗೆ ಎತ್ತಿಸಿ ನೋಡಿಯೇ ಇಳಿಯುತ್ತಿದ್ದಳು. ಜ್ವರ ಬಿಟ್ಟಿತು, ಮೈ ತುಂಬಿತು. ಮೈ ತುಂಬಿದ ಮೇಲೆ ಅವನು ಸುತ್ತ ಕಣ್ಣಾಡಿಸಿದ.

ಆಹಾ, ಎಂಥ ಕೋಣೆ. ಕಿಟಕಿಯ ಪಕ್ಕ ಮೇಜು, ಬೆಳಗ್ಗಿನ ಬಿಸಿಲು, ಒಬ್ಬನೇ ಮಲಗುವ ಮಂಚ. ಕಿಟಕಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಯಲ್ಲಿ ಗಿರಾಕಿಗಳು ಕೆಟ್ಟ ಗಡಿಯಾರವನ್ನು ಇಡುತ್ತಿದ್ದರು, ಅವನು ಹಗ್ಗ ಎಳೆದುಕೊಳ್ಳುತ್ತಿದ್ದ. ದಿನಕ್ಕೊಂದು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು. ತರಕಾರಿ ತಾ ಎನ್ನುವವರಿಲ್ಲ. ಸಂಜೆಯಾದರೆ ಹೆಂಡತಿ ಊಟ ತಂದಿಟ್ಟು ಬಾಗಿಲಾಚೆ ಕೊನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅವನು ಒಳಗೆ, ಅವಳು ಹೊರಗೆ. ಮದುವೆಯಾದಾಗಿನಿಂದ ಬಾಯಲ್ಲೇ ಉಳಿದುಹೋಗಿದ್ದ ಮಾತೆಲ್ಲ ಆ ಮೆಟ್ಟಿಲ ಮೇಲೆ ಒಂದೊಂದಾಗಿ ಹೊರಬಂತು. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲಾರಳು. ದೇವರು ದೊಡ್ಡವನು.

ಆದರೆ ಸುಖ ಎಷ್ಟು ದಿನ? ಒಂದು ದಿನ ನರ್ಸಮ್ಮ ಮುಚ್ಚಳದ ಚಿಕ್ಕ ಡಬ್ಬಿ ಕೊಟ್ಟು, ಮಾತ್ರೆ ಮುಗಿಯುತ್ತಾ ಬಂತು, ನಾಳೆ ಬೆಳಗಿನ ಕಫ ತಂದು ಪರೀಕ್ಷೆಗೆ ಕೊಡಿ, ಕ್ರಿಮಿ ಇಲ್ಲದಿದ್ದರೆ ವಾಸಿಯಾದಂತೆ ಎಂದಳು. ಕೆಳಗೆ ಅತ್ತೆ ಆಗಲೇ ಮಹಡಿ ಕೋಣೆಗೆ ಬಾಡಿಗೆಯವರನ್ನು ಗೊತ್ತು ಮಾಡಿದ್ದಳು.

ಮಾರನೆಯ ಬೆಳಿಗ್ಗೆ ಗಡಿಯಾರದವನು ಡಬ್ಬಿ ಹಿಡಿದು ಕೂತ. ಕೆಮ್ಮಿದ. ಬಂದದ್ದು ಬರೀ ಗಾಳಿ. ಒಂದು ವೇಳೆ ಬಂದರೂ ಅದರಲ್ಲಿ ಏನೂ ಇರುವುದಿಲ್ಲ ಎಂದು ಅವನ ಎದೆಗೇ ಗೊತ್ತಿತ್ತು. ಅಷ್ಟರಲ್ಲಿ ಹಿತ್ತಲಿನಿಂದ ಭಾಮೈದನ ಕೆಮ್ಮು ಕೇಳಿಸಿತು, ಚಳಿಗೆ ಸ್ಟಾರ್ಟ್ ಆಗದ ಲಾರಿಯ ಹಾಗೆ. ಅಷ್ಟು ಜೋರು ಕೆಮ್ಮುವವನ ಕಫದಲ್ಲಿ ಬೀಡಿಯ ಮಸಿಯಾದರೂ ಇರುತ್ತದೆ, ಲ್ಯಾಬಿನವನು ಹೆದರಿಕೊಂಡರೆ ಸಾಕು ಎಂದು ಲೆಕ್ಕ ಹಾಕಿ ಮೆಲ್ಲಗೆ ಹಿತ್ತಲಿಗೆ ಇಳಿದ.

"ಇದರಲ್ಲಿ ಒಂದ್ಸಲ ಉಗಿಯೋ."

"ಯಾಕೆ ಭಾವ, ನಿಮಗೆ ಉಗಿಯೋಕೂ ಆಳು ಬೇಕಾ?"

"ನನಗೆ ಬರ್ತಿಲ್ಲ ಕಣೋ. ಇವತ್ತಿನ ಮೊಟ್ಟೆ ನಿಂಗೆ."

ಭಾಮೈದ ಯೋಚಿಸಿದ. ಹಾಲನ್ನೂ ಸೇರಿಸಿದರೆ ಆದೀತು ಎಂದ. ವ್ಯಾಪಾರ ಕುದುರಿತು.

ಡಬ್ಬಿಯನ್ನು ಕೈಚೀಲದಲ್ಲಿಟ್ಟು, ಬಾಯಿಗೆ ಕರ್ಚೀಫು ಕಟ್ಟಿ ಹೊರಟರೆ, ಬೀದಿಯ ತಿರುವಿನಲ್ಲೇ ಪೋಸ್ಟ್ ಮಾಸ್ತರರು. ಇಷ್ಟು ದಿನ ದೂರದಿಂದಲೇ ಮೂಗು ಮುಚ್ಚುತ್ತಿದ್ದವರು, ವಾಸಿಯಾದ ಸುದ್ದಿ ಅತ್ತೆಯಿಂದ ಗೊತ್ತಾಗಿ, ಕಳೆದುಹೋದ ಮಗ ಸಿಕ್ಕಂತೆ ಜೊತೆಗೆ ಹೆಜ್ಜೆ ಹಾಕಿದರು. ಊರಿನ ಕಾಗದಗಳನ್ನೆಲ್ಲ ಕೈಯಲ್ಲಿ ಹಿಡಿದು ಅಭ್ಯಾಸವಾದ ಮನುಷ್ಯ, ಮುಚ್ಚಿದ್ದು ಏನು ಕಂಡರೂ ಒಳಗೇನಿದೆ ಎಂದು ತಿಳಿಯದೆ ಬಿಡರು. ಚೀಲದಲ್ಲೇನು ಎಂದು ಕೇಳಿದರು. ಇವನ ಬಾಯಿಗೆ ಬಂದದ್ದು ಜೇನುತುಪ್ಪ.

ಅಲ್ಲಿಗೆ ಕೆಟ್ಟಿತು. ಮಾಸ್ತರರಿಗೆ ಒಂದು ವಾರದಿಂದ ಗಂಟಲು ಕೆರೆತ. ಅಂಗಡಿಯ ಜೇನಿನಲ್ಲೆಲ್ಲ ಬೆಲ್ಲದ ಪಾಕ, ಮನೆಯ ಜೇನು ಸಿಕ್ಕೀತೇ ಎಂದು ಊರೆಲ್ಲ ಹುಡುಕುತ್ತಿದ್ದರಂತೆ. ಒಂದು ಬೆರಳು ನೆಕ್ಕಿಸಿದರೆ ಸಾಕು, ಅಸಲಿಯೋ ನಕಲಿಯೋ ಹೇಳುತ್ತೇನೆ ಎಂದರು. ಇವನು ಹೆಜ್ಜೆ ಜೋರು ಮಾಡಿದ. ಅವರೂ ಮಾಡಿದರು. ಇವನು ಓಡಿದ. ಅವರು ಪಂಚೆ ಎತ್ತಿ ಕಟ್ಟಿದರು. ಆಸ್ಪತ್ರೆಯ ಗೇಟಿನ ಹತ್ತಿರ ಚೀಲಕ್ಕೆ ಕೈ ಹಾಕಿ, ಡಬ್ಬಿಯ ಮುಚ್ಚಳಕ್ಕೆ ಬೆರಳು ತಾಗಿಸಿಯೇಬಿಟ್ಟರು.

"ಮಾಸ್ತರೇ, ಅದು ಕಫ."

ಮಾಸ್ತರರು ಅಷ್ಟು ವೇಗವಾಗಿ ಹಿಂದಕ್ಕೆ ನಡೆದದ್ದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ಆ ಬೆರಳನ್ನು ಒಂದು ವಾರ ಬಿಸಿನೀರಲ್ಲಿ ನೆನೆಸಿಟ್ಟಿದ್ದರಂತೆ. ಇರಲಿ, ಮೂರು ದಿನ ಅನ್ನಿ.

ಸಂಜೆಯ ಹೊತ್ತಿಗೆ ನರ್ಸಮ್ಮ ಬಂದಳು. ಎಂದಿನಂತೆ ಗಂಟೆ ಬಾರಿಸುತ್ತ ಬರಲಿಲ್ಲ, ಸೈಕಲ್ಲು ತಳ್ಳಿಕೊಂಡು ಬಂದಳು. ಜಗಲಿಯ ಮೇಲೆ ಕೂತು ನೀರು ಕೇಳಿದಳು. ಕಫದಲ್ಲಿ ಕ್ರಿಮಿ ಕಂಡಿದೆ ಎಂದಳು.

ಗಡಿಯಾರದವನಿಗೆ ಹಾಲು ಕುಡಿದಷ್ಟು ಸಂತೋಷ. ಮುಖವನ್ನು ಕಷ್ಟಪಟ್ಟು ಬಾಡಿಸಿ, ಹಾಗಾದರೆ ಮಹಡಿಯಲ್ಲೇ ಇರುತ್ತೇನೆ, ಏನು ಮಾಡುವುದು ಹಣೆಬರಹ ಎಂದು ನಿಟ್ಟುಸಿರು ಬಿಟ್ಟ.

"ಮಹಡಿ ಅಲ್ಲ," ಎಂದಳು ನರ್ಸಮ್ಮ. "ಇಷ್ಟು ಮಾತ್ರೆ ನುಂಗಿಯೂ ಹೋಗಿಲ್ಲ ಅಂದ್ರೆ ಇದು ಬೇರೆ ಥರದ್ದು. ಊರಾಚೆ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು. ನಾಳೆ ಗಾಡಿ ಬರುತ್ತೆ. ಎಲ್ಲಿ ತಪ್ಪಿದೆನೋ ಗೊತ್ತಾಗ್ತಿಲ್ಲ, ದಿನಾ ನನ್ನ ಕಣ್ಣೆದುರೇ ನುಂಗಿದ್ರಿ."

ಆಕೆಯ ಕಣ್ಣು ತುಂಬಿತ್ತು. ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ಸುಣ್ಣವಾಗಿತ್ತು. ಅದನ್ನು ನೋಡಿದ ಮೇಲೆ ಗಡಿಯಾರದವನ ಬಾಯಲ್ಲಿ ಸುಳ್ಳು ನಿಲ್ಲಲಿಲ್ಲ.

"ಅದು ನನ್ನ ಕಫ ಅಲ್ಲ, ನರ್ಸಮ್ಮ."

"ಮತ್ತೆ ಯಾರದು?"

ತುತ್ತೂರಿ ಒರೆಸುತ್ತ ಕೂತಿದ್ದ ಭಾಮೈದ ಮೆಲ್ಲಗೆ ಅದನ್ನು ಕೆಳಗಿಟ್ಟ. ಆಗ ಎಲ್ಲರೂ ಅವನನ್ನು ಸರಿಯಾಗಿ ನೋಡಿದರು. ಅಂಗಿ ಹ್ಯಾಂಗರಿಗೆ ತೂಗುಹಾಕಿದಂತಿತ್ತು. ಹಾಡಿನ ನಡುವೆ ಅವನ ಉಸಿರು ಕಡಿಯುವುದನ್ನು ಬೀಡಿಯ ಲೆಕ್ಕಕ್ಕೆ ಹಾಕಿ ಎಲ್ಲರೂ ಬೈದಿದ್ದರು, ಒಬ್ಬರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿರಲಿಲ್ಲ.

ಅತ್ತೆ ಗೋಡೆ ಹಿಡಿದು ಕೂತಳು. ನರ್ಸಮ್ಮ ಕಣ್ಣೊರೆಸಿಕೊಂಡು ಮೊದಲು ಅಳಿಯನಿಗೆ ಉಗಿದಳು. ಆಸ್ಪತ್ರೆಗೇ ಟೋಪಿ ಹಾಕುವವನನ್ನು ತಾನು ಇಲ್ಲಿಯವರೆಗೆ ಕಂಡಿಲ್ಲ ಎಂದಳು. ಆಮೇಲೆ ಅತ್ತೆಯ ಭುಜ ತಟ್ಟಿ, ಬೇಗ ಸಿಕ್ಕಿತು, ಇಲ್ಲೇ ಮಾತ್ರೆ ಕೊಟ್ಟರೆ ಹುಡುಗ ಮೊದಲಿನಂತಾಗುತ್ತಾನೆ, ಮನೆಯವರೆಲ್ಲ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದಳು. ಅತ್ತೆ ಸೆರಗನ್ನು ಮೂಗಿನಿಂದ ಕಣ್ಣಿಗೆ ಒಯ್ದಳು.

"ಅಳಿಯಂದಿರೇ, ನೀವು ಕಳ್ಳರಾಗಿದ್ದಕ್ಕೆ ನನ್ನ ಮಗ ಉಳಿದ."

ಹೊಗಳಿಕೆಯೋ ಬೈಗುಳವೋ ತಿಳಿಯದೆ ಅವನು ಎರಡಕ್ಕೂ ಸೇರಿಸಿ ಒಮ್ಮೆ ತಲೆಯಾಡಿಸಿದ.

ಭಾಮೈದನ ಹಾಸಿಗೆ ಮಹಡಿಗೆ ಏರಿತು, ತುತ್ತೂರಿಯೂ ಏರಿತು. ಗಡಿಯಾರದವನ ಮೇಜು ನಡುಮನೆಗೆ ಇಳಿಯಿತು. ಹೊತ್ತವನು ಅವನೇ.

"ಮೊದಲ ಎರಡು ವಾರ ಹುಷಾರಾಗಿರಿ," ಎಂದಳು ನರ್ಸಮ್ಮ ಹೊರಡುತ್ತ. "ಮಾತ್ರೆ ಹಿಡಿದ ಮೇಲೆ ಸಾಮಾನ್ಯವಾಗಿ ಇನ್ನೊಬ್ಬರಿಗೆ ಅಂಟಲ್ಲ. ನಾನು ನೋಡಿ ಹೇಳ್ತೀನಿ, ಆಮೇಲೆ ಕೆಳಗೆ ಎಲ್ಲರ ಜೊತೆ ಇರ್ಬಹುದು."

ಅತ್ತೆ ಬಾಯಿ ತೆರೆದಳು. "ಎರಡೇ ವಾರವಾ? ನಮ್ಮ ಅಳಿಯಂದಿರು ಆರು ತಿಂಗಳಿಂದ ಮೇಲೇ ಇದ್ರಲ್ಲಮ್ಮ."

"ಬೆಳಕು ಚೆನ್ನಾಗಿದೆ ಅಂತ ಅಲ್ಲೇ ಕೆಲಸ ಮಾಡ್ತಿದಾರೆ ಅಂದ್ಕೊಂಡಿದ್ದೆ. ಇಳಿದು ಬರ್ಬಹುದು ಅಂತ ಮೊದಲ ತಿಂಗಳಲ್ಲೇ ನಿಮ್ಮ ಮಗಳಿಗೆ ಹೇಳಿದ್ನಲ್ಲ."

ಇಡೀ ಮನೆ ಹೆಂಡತಿಯ ಕಡೆ ತಿರುಗಿತು. ಅವಳು ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಬದುಕಿದ್ದಷ್ಟು ದಿನವೂ ಅವನು ಕೇಳುತ್ತಲೇ ಇದ್ದ, ಯಾಕೆ ಹೇಳಲಿಲ್ಲ ಎಂದು. ಒಮ್ಮೆ ಮರೆತೆ ಅಂದಳು. ಒಮ್ಮೆ ನಿಮ್ಮ ಗೊರಕೆ ತಪ್ಪಿತ್ತಲ್ಲ, ಅದಕ್ಕೇ ಅಂದಳು. ಇನ್ನೊಮ್ಮೆ, ಅಮ್ಮನ ಬಾಯಿಂದ ನಿಮ್ಮನ್ನು ಉಳಿಸೋಕೆ ಅಂದಳು. ಮೂರೂ ನಿಜವಲ್ಲ. ಈಗ ಅವನೂ ಇಲ್ಲ, ಸಂಜೆ ಅವಳು ಕೂತು ಮಾತಾಡುತ್ತಿದ್ದ ಆ ಮೆಟ್ಟಿಲೂ ಇಲ್ಲ, ಕೇಳುವವರೂ ಇಲ್ಲ. ಇಷ್ಟು ಹೊತ್ತು ಬಾಯಿ ಮುಚ್ಚಿ ಕೇಳಿದಿರಲ್ಲ, ಈಗ ನೀವು ಹೇಳಿ ನೋಡೋಣ, ಅವಳು ಯಾಕೆ ಬಾಯಿ ಬಿಡಲಿಲ್ಲ?